ಮಾರುಕಟ್ಟೆ ಮನುಷ್ಯನ ಹುಟ್ಟುಗುಣವೇ? ಬಂಡವಾಳಶಾಹಿಗೆ ಮಾನವಶಾಸ್ತ್ರ ಕೇಳುವ ಪ್ರಶ್ನೆಗಳು

ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಹಣದ ಪಾಠ ಸಾಮಾನ್ಯವಾಗಿ ಒಂದೇ ಕಥೆಯಿಂದ ಶುರುವಾಗುತ್ತದೆ. ಹಿಂದೆ ಹಣ ಇರಲಿಲ್ಲ. ಧಾನ್ಯ ಇದ್ದವನಿಗೆ ಚಪ್ಪಲಿ ಬೇಕಿದ್ದರೆ ಚಪ್ಪಲಿ ಹೊಲಿಯುವವನನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವನಿಗೆ ಅವತ್ತು ಧಾನ್ಯ ಬೇಡವಾಗಿದ್ದರೆ ವ್ಯವಹಾರ ಕುದುರುತ್ತಿರಲಿಲ್ಲ. ಈ ತಾಪತ್ರಯ ತಪ್ಪಿಸಲು ಜನ ಹಣ ಕಂಡುಕೊಂಡರು. ಈ ಕಥೆಗೆ 1776ರಲ್ಲೇ ಆ್ಯಡಂ ಸ್ಮಿತ್ ಬುನಾದಿ ಹಾಕಿದ್ದ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಒಲವು ಮನುಷ್ಯನ ಸ್ವಭಾವದಲ್ಲೇ ಇದೆ ಎಂದು ಅವನು ವಾದಿಸಿದ.

ಕೇಳಲು ಮುಗ್ಧ ಕಥೆ. ಆದರೆ ಅದು ಮಾಡುವ ಕೆಲಸ ಸಣ್ಣದಲ್ಲ. ವ್ಯಾಪಾರ ಮನುಷ್ಯನ ರಕ್ತದಲ್ಲೇ ಇದ್ದರೆ, ಬಂಡವಾಳಶಾಹಿ ಅಂದರೆ ಆ ಗುಣವೇ ಬೆಳೆದು ದೊಡ್ಡದಾದ ರೂಪ ಎಂದಾಗುತ್ತದೆ. ಆಗ ಅದನ್ನು ಯಾರು ತಂದರು, ಯಾರ ಮೇಲೆ ಹೇರಿದರು, ಯಾರ ಬದುಕು ಏನಾಯಿತು ಎಂದು ಕೇಳಲು ಜಾಗವೇ ಉಳಿಯುವುದಿಲ್ಲ. ಮಾನವಶಾಸ್ತ್ರದ ಒಳಗೆ ಬೆಳೆದು ಬಂದ, ಬುಡಕ್ಕೇ ಕೈ ಹಾಕುವ ವಿಮರ್ಶೆ ಈ ಜಾಗವನ್ನು ಮತ್ತೆ ತೆರೆಯುತ್ತದೆ. ಮಾರುಕಟ್ಟೆ ಸರಿಯಾಗಿ ನಡೆಯುತ್ತಿದೆಯೇ ಎಂಬುದು ಅದರ ಮೊದಲ ಪ್ರಶ್ನೆಯಲ್ಲ. ಇದು ಯಾವಾಗಿನಿಂದ ಹೀಗೆ, ಇದು ಯಾವುದರ ಮೇಲೆ ನಿಂತಿದೆ ಎಂದು ಅದು ಕೇಳುತ್ತದೆ.

ಮೊದಲ ಪ್ರಶ್ನೆಯನ್ನೇ ನೋಡೋಣ. ಸ್ಮಿತ್ ಊಹಿಸಿಕೊಂಡ ಆ ಸಮಾಜ ಎಲ್ಲಿತ್ತು? ನೂರಕ್ಕೂ ಹೆಚ್ಚು ವರ್ಷಗಳಿಂದ ಮಾನವಶಾಸ್ತ್ರಜ್ಞರು ಜಗತ್ತಿನ ಮೂಲೆಮೂಲೆಗಳಲ್ಲಿ ಜನರ ಜೊತೆ ಇದ್ದು ಬರೆದಿದ್ದಾರೆ. ಯಾರಿಗೂ ಅದು ಸಿಗಲಿಲ್ಲ. ಕೇಂಬ್ರಿಜ್‌ನ ಕ್ಯಾರೊಲಿನ್ ಹಂಫ್ರಿ 1985ರಲ್ಲಿ ಇದನ್ನು ನೇರವಾಗಿ ಹೇಳಿದರು: ಬರೀ ವಸ್ತು ವಿನಿಮಯದ ಮೇಲೆ ನಡೆಯುವ ಅರ್ಥವ್ಯವಸ್ಥೆಯನ್ನು ಯಾರೂ ದಾಖಲಿಸಿಲ್ಲ, ಅದರಿಂದ ಹಣ ಹುಟ್ಟಿದ್ದನ್ನಂತೂ ಇಲ್ಲವೇ ಇಲ್ಲ. ವಸ್ತು ವಿನಿಮಯ ನಡೆಯುತ್ತಿತ್ತು, ನಿಜ. ಆದರೆ ಅದು ಹೆಚ್ಚಾಗಿ ಅಪರಿಚಿತರ ನಡುವೆ, ಶತ್ರುಗಳಾಗಬಹುದಾದವರ ನಡುವೆ ನಡೆಯುತ್ತಿತ್ತು. ಇಲ್ಲವೇ ಹಣ ಬಳಸಿ ಅಭ್ಯಾಸವಿದ್ದ ಜನಕ್ಕೆ ಹಣ ಸಿಗದೆ ಹೋದಾಗ. ಒಂದೇ ಊರಿನವರು ಹಾಗೆ ಮಾಡುತ್ತಿರಲಿಲ್ಲ. ಬೇಕಾದ್ದನ್ನು ಪಕ್ಕದವರಿಂದ ತೆಗೆದುಕೊಂಡು, ಆ ಋಣವನ್ನು ನೆನಪಿಟ್ಟುಕೊಂಡು, ಮುಂದೆಂದೋ ಬೇರೆ ರೂಪದಲ್ಲಿ ತೀರಿಸುತ್ತಿದ್ದರು.

ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2011ರಲ್ಲಿ ಸಾಲದ ಐದು ಸಾವಿರ ವರ್ಷಗಳ ಇತಿಹಾಸ ಬರೆದಾಗ ಈ ಎಳೆಯನ್ನೇ ಹಿಡಿದರು. ಅವರ ವಾದದಲ್ಲಿ ಪಠ್ಯಪುಸ್ತಕದ ಅನುಕ್ರಮ ತಲೆಕೆಳಗಾಗಿದೆ. ಮೊದಲು ಬಂದದ್ದು ಸಾಲ. ನಾಣ್ಯ ಆಮೇಲಿನದು. ಮೆಸೊಪೊಟೇಮಿಯಾದ ದೇವಾಲಯಗಳು ಬೆಳ್ಳಿಯ ತೂಕದಲ್ಲಿ ಲೆಕ್ಕ ಬರೆಯುತ್ತಿದ್ದವು, ಆದರೆ ಜನ ಬೆಳ್ಳಿ ಹಿಡಿದು ಓಡಾಡಬೇಕಿರಲಿಲ್ಲ. ಬಾಕಿಯನ್ನು ಬಾರ್ಲಿಯಲ್ಲೋ ಬೇರೆ ಯಾವುದರಲ್ಲೋ ತೀರಿಸಬಹುದಿತ್ತು. ನಾಣ್ಯಗಳು ಬಂದದ್ದು ಅದಾಗಿ ಸಾವಿರಾರು ವರ್ಷಗಳ ನಂತರ. ಅವು ಹರಡಿದ್ದು ಸೈನ್ಯಗಳ ಬೆನ್ನಿಗೆ. ಅರಸ ಸೈನಿಕರಿಗೆ ನಾಣ್ಯದಲ್ಲಿ ಸಂಬಳ ಕೊಡುತ್ತಾನೆ, ಪ್ರಜೆಗಳಿಂದ ಅದೇ ನಾಣ್ಯದಲ್ಲಿ ತೆರಿಗೆ ಕೇಳುತ್ತಾನೆ. ಪ್ರಜೆಗಳಿಗೆ ನಾಣ್ಯ ಬೇಕೆಂದರೆ ಸೈನಿಕರಿಗೆ ಏನಾದರೂ ಮಾರಲೇಬೇಕು. ಮಾರುಕಟ್ಟೆ ರೆಡಿ! ಇದರಲ್ಲಿ ಹುಟ್ಟುಗುಣಕ್ಕಿಂತ ದಂಡನೆಯ ಭಯವೇ ಜಾಸ್ತಿ ಕೆಲಸ ಮಾಡಿದೆ, ಅಲ್ವಾ?

ಇದು ಪುರಾತನ ಕಾಲಕ್ಕೆ ಮುಗಿದ ಸಂಗತಿಯೂ ಅಲ್ಲ. ಗ್ರೇಬರ್ 1989ರಿಂದ 1991ರವರೆಗೆ ಮಡಗಾಸ್ಕರ್‌ನ ಎತ್ತರದ ಪ್ರದೇಶದಲ್ಲಿ ಕ್ಷೇತ್ರಕಾರ್ಯ ಮಾಡಿದವರು. ಫ್ರಾನ್ಸ್ 1895ರಲ್ಲಿ ಆ ದ್ವೀಪದ ಮೇಲೆ ದಂಡೆತ್ತಿ ಬಂದು, ಮರುವರ್ಷ ಅದನ್ನು ವಸಾಹತು ಎಂದು ಘೋಷಿಸಿತು. ಸೇನಾಧಿಕಾರಿ ಗಲಿಯೆನಿ ಜನರ ಮೇಲೆ ತಲೆಗಂದಾಯ ಹೇರಿದ. ಮಡಗಾಸ್ಕರ್‌ನ ಜನರಿಗೆ ದುಡಿಮೆಯ ಬೆಲೆ ಕಲಿಸುವುದು ಆ ತೆರಿಗೆಯ ಉದ್ದೇಶ ಎಂದು ಅವನೇ ಹೇಳಿದ್ದ. ಹೊಸದಾಗಿ ಅಚ್ಚಾದ ಫ್ರೆಂಚ್ ಹಣದಲ್ಲೇ ಅದನ್ನು ಕಟ್ಟಬೇಕಿತ್ತು. ವಸೂಲಿಯ ಸಮಯ ಸುಗ್ಗಿ ಮುಗಿದ ಕೂಡಲೇ. ರೈತರೆಲ್ಲ ಒಟ್ಟಿಗೇ ಭತ್ತ ಮಾರಲು ನಿಂತರೆ ಬೆಲೆ ಬೀಳದೆ ಇನ್ನೇನಾಗುತ್ತದೆ? ಅಗ್ಗಕ್ಕೆ ಮಾರಿದವರ ಮನೆಯಲ್ಲಿ ಕೆಲವು ತಿಂಗಳಲ್ಲಿ ಧಾನ್ಯ ಖಾಲಿ. ಆಗ ಅದೇ ವ್ಯಾಪಾರಿಗಳಿಂದ, ಏರಿದ ಬೆಲೆಗೆ, ಸಾಲವಾಗಿ ಕೊಳ್ಳಬೇಕು. ಸಾಲ ತೀರಿಸಲು ಕಾಫಿಯಂಥ ಮಾರಾಟದ ಬೆಳೆ ಹಾಕಬೇಕು, ಇಲ್ಲವೇ ಮಕ್ಕಳನ್ನು ತೋಟಗಳಿಗೆ ಕೂಲಿಗೆ ಕಳಿಸಬೇಕು. ಗೆದ್ದವರ ಖರ್ಚನ್ನು ಸೋತವರು ಕಟ್ಟುವ ಏರ್ಪಾಡು ಇದು. ಆಮೇಲೆ ಅದನ್ನೇ ಆ ದೇಶದ ಸಾಲ ಎಂದು ಬರೆದಿಡಲಾಯಿತು. ಸ್ವಾತಂತ್ರ್ಯ ಬಂದ ಮೇಲೂ ಸಾಲದ ಷರತ್ತುಗಳು ಹೋಗಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮಿತವ್ಯಯದ ಒತ್ತಾಯದಿಂದ ಅಲ್ಲಿ ಸೊಳ್ಳೆ ನಿಯಂತ್ರಣದ ಕೆಲಸ ನಿಂತು, ಮಲೇರಿಯಾ ಮರಳಿ, ಸುಮಾರು 10,000 ಜನ ಸತ್ತರು ಎಂದು ಗ್ರೇಬರ್ ಬರೆಯುತ್ತಾರೆ. ಸಾಲ ತೀರಿಸುವುದು ಧರ್ಮ ಎಂಬ ಮಾತನ್ನು ಅವರು ಯಾಕೆ ಅಷ್ಟು ಸಿಟ್ಟಿನಿಂದ ಪ್ರಶ್ನಿಸಿದರು ಎಂಬುದು ಇದನ್ನು ಓದಿದಾಗ ಅರ್ಥವಾಗುತ್ತದೆ.

ಹಳೆಯ ತಳಹದಿ

ಗ್ರೇಬರ್ ಒಬ್ಬರೇ ಇದನ್ನು ಕಟ್ಟಲಿಲ್ಲ. ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1922ರಲ್ಲಿ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳ 'ಕುಲಾ' ಪದ್ಧತಿಯ ಬಗ್ಗೆ ಬರೆದರು. ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ, ಚಿಪ್ಪಿನ ತೋಳಬಳೆಗಳು ಎದುರು ದಿಕ್ಕಿನಲ್ಲಿ ಸುತ್ತುತ್ತವೆ. ಯಾರೂ ಅವನ್ನು ಕಾಯಂ ಆಗಿ ಇಟ್ಟುಕೊಳ್ಳುವುದಿಲ್ಲ. ಇದಕ್ಕಾಗಿ ಜನ ದೋಣಿ ಕಟ್ಟಿ ಅಪಾಯದ ಸಮುದ್ರ ದಾಟುತ್ತಾರೆ. ಸದಾ ಸ್ವಂತ ಲಾಭವನ್ನೇ ಲೆಕ್ಕ ಹಾಕುವ 'ಆರ್ಥಿಕ ಮನುಷ್ಯ' ಎಂಬ ಕಲ್ಪನೆಗೆ ಈ ಜನ ಒಗ್ಗುವುದೇ ಇಲ್ಲ ಎಂದು ಮಲಿನೋವ್‌ಸ್ಕಿ ತೋರಿಸಿದರು.

ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ಇನ್ನೂ ಮುಂದೆ ಹೋದರು. ಉಡುಗೊರೆಯ ಬಗೆಗಿನ ಅವರ ಪ್ರಬಂಧವನ್ನು ಕೊಡುವುದು, ಪಡೆಯುವುದು, ಮರಳಿಸುವುದು ಎಂಬ ಮೂರು ಕಟ್ಟುಪಾಡುಗಳಿಗಾಗಿ ಎಲ್ಲರೂ ನೆನೆಯುತ್ತಾರೆ. ನನಗೆ ಅದರ ಕೊನೆಯ ಭಾಗವೇ ಜಾಸ್ತಿ ಮುಖ್ಯ. ಕಾರ್ಮಿಕ ತನ್ನ ಬದುಕನ್ನೇ ಸಮಾಜಕ್ಕೂ ಮಾಲೀಕನಿಗೂ ಕೊಟ್ಟಿರುತ್ತಾನೆ. ಸಂಬಳ ಕೊಟ್ಟ ಮಾತ್ರಕ್ಕೆ ಆ ಋಣ ತೀರುವುದಿಲ್ಲ. ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ಅವನನ್ನು ನೋಡಿಕೊಳ್ಳುವುದು ದಯೆಯಲ್ಲ, ಬಾಕಿ ಎಂದು ಮಾಸ್ ಅಲ್ಲಿ ವಾದಿಸಿದರು. ದೂರದ ದ್ವೀಪಗಳ ಬಗ್ಗೆ ಓದುತ್ತಾ ಓದುತ್ತಾ ಅವರು ಬಂದು ನಿಂತದ್ದು ತಮ್ಮದೇ ದೇಶದ ಕಾರ್ಖಾನೆಯ ಬಾಗಿಲಿಗೆ. ಸಹಕಾರಿ ಚಳವಳಿಯಲ್ಲಿ ದುಡಿದ ಸಮಾಜವಾದಿಗೆ ಅದು ಸಹಜವೇ.

ಆರ್ಥಿಕ ಇತಿಹಾಸಕಾರ ಕಾರ್ಲ್ ಪೊಲಾನ್ಯಿ ಮಾನವಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ, ಆದರೆ ಈ ಕ್ಷೇತ್ರದ ಮೇಲೆ ಅವರ ಪ್ರಭಾವ ಬಹಳ. 1944ರಲ್ಲಿ ಅವರು ಹೇಳಿದ್ದು ಇಷ್ಟು: ಭೂಮಿ, ದುಡಿಮೆ, ಹಣ, ಇವು ಮೂರೂ ಮಾರಲಿಕ್ಕೆಂದು ತಯಾರಾದ ಸರಕುಗಳಲ್ಲ. ಭೂಮಿ ಅಂದರೆ ಪ್ರಕೃತಿ, ದುಡಿಮೆ ಅಂದರೆ ಮನುಷ್ಯನ ಜೀವ. ಇವನ್ನು ಸರಕಿನಂತೆ ನಡೆಸಿಕೊಂಡರೆ ಸಮಾಜವೇ ಹರಿದುಹೋಗುತ್ತದೆ. ಇಂಗ್ಲೆಂಡಿನಲ್ಲಿ ದುಡಿಮೆಯ ಮಾರುಕಟ್ಟೆ ತಾನಾಗಿ ಬೆಳೆಯಲಿಲ್ಲ. ಬಡವರಿಗೆ ಸಿಗುತ್ತಿದ್ದ ನೆರವನ್ನು 1834ರ ಕಾನೂನು ಕಿತ್ತುಕೊಂಡ ಮೇಲೆ, ಹಸಿವಿನ ಹೆದರಿಕೆಯಲ್ಲಿ ಅದು ನಿಂತಿತು. ಸರ್ಕಾರದ ಕೈವಾಡ ಇಲ್ಲದ ಮುಕ್ತ ಮಾರುಕಟ್ಟೆಯನ್ನು ಸರ್ಕಾರವೇ ಯೋಜನೆ ಹಾಕಿ ಕಟ್ಟಿತು.

ಇಲ್ಲಿ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಹೆಸರನ್ನೂ ಹೇಳಬೇಕು. ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವವರೇ ಮೊದಲ ಸಮೃದ್ಧ ಸಮಾಜ ಎಂದು 1966ರಲ್ಲಿ ಅವರು ಹೇಳಿದ್ದು ಭಾರಿ ಸದ್ದು ಮಾಡಿತು. ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ ಬೇಟೆ, ಸಂಗ್ರಹಣೆಯಿಂದ ಬದುಕುವ ಜುಹುಆನ್ಸಿ ಜನ ಆಹಾರ ಹುಡುಕಲು ವಾರಕ್ಕೆ ಸುಮಾರು 15 ಗಂಟೆ ಮಾತ್ರ ಕಳೆಯುತ್ತಾರೆ ಎಂಬ ರಿಚರ್ಡ್ ಲೀ ಅವರ ಲೆಕ್ಕ ಇದಕ್ಕೆ ಬಲ ಕೊಟ್ಟಿತು. ಆದರೆ ಅಡುಗೆ, ಕಾಯಿ ಒಡೆಯುವುದು, ಸೌದೆ, ನೀರು, ಹತ್ಯಾರ ಎಲ್ಲ ಸೇರಿಸಿದಾಗ ಅದು 40 ಗಂಟೆ ದಾಟುತ್ತದೆ ಎಂದು ಲೀ ಅವರೇ ಮುಂದೆ ತೋರಿಸಿದರು. ಹಾಗಾಗಿ ಬಿಡುವಿನ ಬದುಕಿನ ಆ ಚಿತ್ರವನ್ನು ಹಾಗೆಹಾಗೇ ನಂಬುವುದು ಬೇಡ. ಉಳಿಯುವ ಮಾತು ಬೇರೆ: ಕೊರತೆ ಪ್ರಕೃತಿ ಕೊಟ್ಟದ್ದಲ್ಲ, ಬೇಕುಗಳಿಗೆ ಮಿತಿಯೇ ಇಲ್ಲ ಎಂದು ನಂಬಿಸುವ ವ್ಯವಸ್ಥೆ ಅದನ್ನು ದಿನವೂ ತಯಾರಿಸುತ್ತದೆ.

ಸಕ್ಕರೆ ಹೇಳುವ ಇತಿಹಾಸ

ಇಲ್ಲಿಯವರೆಗಿನ ವಾದದಲ್ಲಿ ಒಂದು ದೌರ್ಬಲ್ಯ ಇತ್ತು. ಆ ಕಡೆ ಉಡುಗೊರೆಯ ಸಮಾಜಗಳು, ಈ ಕಡೆ ಮಾರುಕಟ್ಟೆಯ ಸಮಾಜಗಳು, ನಡುವೆ ಗೋಡೆ. ಎರಡನೇ ಮಹಾಯುದ್ಧದ ನಂತರ ಪೋರ್ಟೊರಿಕೊದಲ್ಲಿ ಕ್ಷೇತ್ರಕಾರ್ಯ ಮಾಡಿದ ಇಬ್ಬರು ಆ ಗೋಡೆಯನ್ನು ಒಡೆದರು. ಒಬ್ಬರು ಎರಿಕ್ ವುಲ್ಫ್. ಇನ್ನೊಬ್ಬರು ಸಿಡ್ನಿ ಮಿಂಟ್ಸ್. ಕಬ್ಬಿನ ತೋಟದ ಕೂಲಿಗಳ ನಡುವೆ ಇದ್ದು ಅವರ ಬದುಕನ್ನು ಕಂಡವರು ಮಿಂಟ್ಸ್.

ಸಕ್ಕರೆಯ ಬಗ್ಗೆ ಮಿಂಟ್ಸ್ 1985ರಲ್ಲಿ ಬರೆದದ್ದು ಈ ಇಡೀ ಪರಂಪರೆಯ ಅತ್ಯುತ್ತಮ ಕೆಲಸ ಎಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 1700ರ ಹೊತ್ತಿಗೆ ಒಬ್ಬರಿಗೆ ವರ್ಷಕ್ಕೆ ಸುಮಾರು 4 ಪೌಂಡ್ ಸಕ್ಕರೆ ಖರ್ಚಾಗುತ್ತಿತ್ತು. 1800ಕ್ಕೆ ಅದು ಸುಮಾರು 18 ಪೌಂಡ್ ಆಯಿತು. ಶ್ರೀಮಂತರ ಶೋಕಿಯ ವಸ್ತು ಕಾರ್ಮಿಕರ ಚಹಾಕ್ಕೆ ಬಂತು, ಬ್ರೆಡ್ಡಿನ ಮೇಲಿನ ಜ್ಯಾಮ್ ಆಯಿತು. ದಿನವಿಡೀ ಗಿರಣಿಯಲ್ಲಿ ದುಡಿಯುವ ತಾಯಿಗೆ ಅಡುಗೆ ಮಾಡಲು ಸಮಯವಿಲ್ಲ. ಬಿಸಿ ಚಹಾ, ಸಕ್ಕರೆ, ಬ್ರೆಡ್ಡು: ಬೇಗ ಆಗುತ್ತದೆ, ಅಗ್ಗ, ಹೊಟ್ಟೆ ತುಂಬಿದಂತೆ ಅನಿಸುತ್ತದೆ. ಕಾರ್ಮಿಕರನ್ನು ಕಡಿಮೆ ಕೂಲಿಯಲ್ಲಿ ಬದುಕಿಸಲು ಇದು ಅನುಕೂಲವಾಯಿತು.

ಆ ಅಗ್ಗದ ಸಕ್ಕರೆ ಬಂದದ್ದು ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ. ಮಿಂಟ್ಸ್ ಆ ತೋಟಗಳ ಒಳಗಿನ ಕೆಲಸವನ್ನು ಹತ್ತಿರದಿಂದ ವಿವರಿಸುತ್ತಾರೆ. ಕಡಿದ ಕಬ್ಬು ಬೇಗ ಹಾಳಾಗುತ್ತದೆ. ಕಡಿಯುವುದು, ಅರೆಯುವುದು, ಕುದಿಸುವುದು ಒಂದರ ಹಿಂದೆ ಒಂದು ತಡವಿಲ್ಲದೆ ಆಗಬೇಕು. ತಂಡಗಳಾಗಿ ವಿಂಗಡಿಸಿದ ಆಳುಗಳು, ಪಾಳಿಗಳು, ಗಡಿಯಾರದ ಶಿಸ್ತು, ರಾತ್ರಿಯಿಡೀ ಉರಿಯುವ ಒಲೆಗಳು. ನಾವು ಕಾರ್ಖಾನೆಯ ಲಕ್ಷಣ ಎಂದು ಕರೆಯುವುದೆಲ್ಲ ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಏಳುವುದಕ್ಕೂ ಮೊದಲು ಗುಲಾಮರ ತೋಟಗಳಲ್ಲಿ ಇತ್ತು. ಗುಲಾಮಗಿರಿ ಬಂಡವಾಳಶಾಹಿಯ ಹಿಂದಿನ ಹಂತ, ಅದು ಬಂದ ಮೇಲೆ ಅಳಿಯಿತು ಎಂಬ ಸಮಾಧಾನದ ಇತಿಹಾಸ ಇಲ್ಲಿ ನಿಲ್ಲುವುದಿಲ್ಲ. ಒಂದು ದಡದಲ್ಲಿ ಸಂಬಳದ ಕಾರ್ಮಿಕ, ಇನ್ನೊಂದು ದಡದಲ್ಲಿ ಸಂಕೋಲೆಯ ಕಾರ್ಮಿಕ. ಇಬ್ಬರೂ ಒಂದೇ ವ್ಯವಸ್ಥೆಯ ಭಾಗ. ವುಲ್ಫ್ 1982ರಲ್ಲಿ ಇದನ್ನೇ ಜಗತ್ತಿನ ಮಟ್ಟಕ್ಕೆ ಹಿಗ್ಗಿಸಿ, 'ಇತಿಹಾಸವಿಲ್ಲದ ಜನ' ಅಂದುಕೊಂಡವರೆಲ್ಲ ಚರ್ಮ, ಬೆಳ್ಳಿ, ಗುಲಾಮರು, ಹತ್ತಿ, ರಬ್ಬರಿನ ವ್ಯಾಪಾರದಲ್ಲಿ ಶತಮಾನಗಳಿಂದ ಸಿಕ್ಕಿಕೊಂಡವರು ಎಂದು ತೋರಿಸಿದರು.

ಕಾರ್ಮಿಕನನ್ನು ಬೆಳೆಸಿದವರು ಯಾರು?

ಈಗ ಎರಡನೇ ಪ್ರಶ್ನೆ: ಬಂಡವಾಳಶಾಹಿ ಯಾವುದರ ಮೇಲೆ ನಿಂತಿದೆ? ಪಶ್ಚಿಮ ಆಫ್ರಿಕಾದಲ್ಲಿ ಕೆಲಸ ಮಾಡಿದ ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲೋದ್ ಮೆಯಾಸು 1975ರಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದರು. ಒಬ್ಬ ಯುವಕ ಹಳ್ಳಿಯಿಂದ ಬಂದು ಕಾರ್ಖಾನೆ ಸೇರುತ್ತಾನೆ. ಅವನನ್ನು ಹೆತ್ತು, ಸಾಕಿ, ದುಡಿಯುವ ವಯಸ್ಸಿಗೆ ತಂದ ಖರ್ಚು ಯಾರದು? ಹಳ್ಳಿಯದು. ಕಾಯಿಲೆ ಬಿದ್ದಾಗ, ಕೆಲಸ ಹೋದಾಗ, ಮುಪ್ಪಾದಾಗ ಅವನು ಎಲ್ಲಿಗೆ ಹೋಗುತ್ತಾನೆ? ಹಳ್ಳಿಗೆ. ಮಾಲೀಕ ಕೊಡುವುದು ದುಡಿದ ದಿನಗಳಿಗೆ ಮಾತ್ರ. ಉಳಿದ ಬದುಕಿನ ಖರ್ಚನ್ನು ಹೊಲದಲ್ಲಿ ದುಡಿಯುವ ತಾಯಿ, ಹೆಂಡತಿ, ಅಜ್ಜಿಯರು ಹೊರುತ್ತಾರೆ. ಹಿಂದುಳಿದಿದೆ ಎಂದು ಕರೆಸಿಕೊಳ್ಳುವ ಹಳ್ಳಿಯೇ ಕಾರ್ಖಾನೆಗೆ ಸಬ್ಸಿಡಿ ಕೊಡುತ್ತಿದೆ.

ದಕ್ಷಿಣ ಆಫ್ರಿಕಾದಲ್ಲಿ ಇದು ಗುಟ್ಟಾಗಿಯೂ ಇರಲಿಲ್ಲ. ಕರಿಯ ಕಾರ್ಮಿಕರ ಕುಟುಂಬಗಳು ಮೀಸಲು ಪ್ರದೇಶದ ಹೊಲಗಳಿಂದ ಬದುಕುತ್ತವೆ, ಆದ್ದರಿಂದ ಕೂಲಿ ಕಡಿಮೆ ಇದ್ದರೆ ಸಾಕು ಎಂದು ಚಿನ್ನದ ಗಣಿ ಮಾಲೀಕರ ಒಕ್ಕೂಟವೇ 1940ರ ದಶಕದಲ್ಲಿ ವೇತನ ಆಯೋಗದ ಮುಂದೆ ವಾದಿಸಿತ್ತು. ಮೆಯಾಸು ಹೆಂಗಸರನ್ನು ಸುಮ್ನೆ ಕೈಯಿಂದ ಕೈಗೆ ದಾಟುವವರಂತೆ ನೋಡಿದರು ಎಂದು ಸ್ತ್ರೀವಾದಿ ಮಾನವಶಾಸ್ತ್ರಜ್ಞೆಯರು ಆಕ್ಷೇಪಿಸಿದರು. ಆಕ್ಷೇಪ ಸರಿಯಾಗಿಯೇ ಇತ್ತು. ಆದರೂ ಮೆಯಾಸು ತೆರೆದ ದಾರಿಯಲ್ಲೇ ಆಮೇಲಿನ ಬಹಳಷ್ಟು ಚಿಂತನೆ ನಡೆದಿದೆ. 2015ರಲ್ಲಿ ಆ್ಯನಾ ತ್ಸಿಂಗ್, ಮತ್ಸುತಾಕೆ ಎಂಬ ಅಣಬೆಯ ಬೆನ್ನು ಹತ್ತಿ ಬರೆದದ್ದೂ ಅದನ್ನೇ. ಆ ಅಣಬೆಯನ್ನು ಯಾರಿಗೂ ತೋಟದಲ್ಲಿ ಬೆಳೆಸಲು ಆಗಿಲ್ಲ. ಅಮೆರಿಕದ ಆರೆಗನ್ ಕಾಡುಗಳಲ್ಲಿ ಅದು ತಾನಾಗಿ ಹುಟ್ಟುತ್ತದೆ. ಆರಿಸುವವರಲ್ಲಿ ಅನೇಕರು ಲಾವೋಸ್, ಕಾಂಬೋಡಿಯಾದ ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು. ಕಾಡನ್ನು ಬೆಳೆಸಿದ್ದು ಬಂಡವಾಳವಲ್ಲ, ಹುಡುಕುವ ಕಣ್ಣನ್ನು ಕಲಿಸಿದ್ದೂ ಬಂಡವಾಳವಲ್ಲ. ಜಪಾನಿನ ಅಂಗಡಿ ಸೇರುವ ಹೊತ್ತಿಗೆ ಅದು ದುಬಾರಿ ಸರಕಾಗಿರುತ್ತದೆ.

ದುಡಿಯುವ ಜನ ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಂಡರು? ಇದನ್ನು ಕೇಳಿಸಿಕೊಳ್ಳುವುದರಲ್ಲಿ ಮಾನವಶಾಸ್ತ್ರಕ್ಕೆ ಸಾಟಿ ಇಲ್ಲ. ಕೊಲಂಬಿಯಾದ ಕೌಕಾ ಕಣಿವೆಯಲ್ಲಿ ಕಬ್ಬು ಕಡಿಯುವವರ ನಡುವೆ ಒಂದು ಮಾತು ಓಡಾಡುತ್ತಿತ್ತು. ಯಾರೋ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡು ಎಲ್ಲರಿಗಿಂತ ಜಾಸ್ತಿ ಕಬ್ಬು ಕಡಿಯುತ್ತಾರಂತೆ. ಆ ಹಣ ಫಲಿಸುವುದಿಲ್ಲವಂತೆ. ಅದರಲ್ಲಿ ಕೊಂಡ ಭೂಮಿ ಬರಡಾಗುತ್ತದೆ, ಕೊಂಡ ದನ ಸಾಯುತ್ತದೆ. ಕುಡಿತಕ್ಕೆ, ಬಟ್ಟೆಗೆ ಖರ್ಚು ಮಾಡಿ ಮುಗಿಸಬೇಕಷ್ಟೇ. ತಮ್ಮ ಸ್ವಂತ ತುಂಡು ಭೂಮಿಯಲ್ಲಿ ದುಡಿಯುವವರ ಬಗ್ಗೆ ಮಾತ್ರ ಯಾರೂ ಹೀಗೆ ಹೇಳುತ್ತಿರಲಿಲ್ಲ. ಮೈಕೆಲ್ ಟೌಸಿಗ್ 1980ರಲ್ಲಿ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ, ಕೂಲಿ ದುಡಿಮೆಯ ಬಗ್ಗೆ ಆ ಜನರೇ ಮಾಡಿದ ವಿಮರ್ಶೆ ಎಂದು ಓದಿದರು. ಹಣ ತಾನೇ ಮರಿ ಹಾಕುತ್ತದೆ ಎಂದು ನಂಬುವ ನಮಗಿಂತ ಆ ಕೂಲಿಗಳ ಕಣ್ಣು ಚುರುಕು ಎಂಬುದು ಟೌಸಿಗ್ ವಾದ. ಒಪ್ಪಂದದ ಈ ಕಥೆಗಳಿಗೆ ಅವರು ಕೊಡುವ ಪುರಾವೆ ತೆಳು ಎಂಬ ಟೀಕೆಯೂ ಬಂತು. ಐವಾ ಓಂಗ್ 1987ರಲ್ಲಿ ಮಲೇಷ್ಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಯುವತಿಯರ ಬಗ್ಗೆ ಬರೆದದ್ದು ಇದಕ್ಕಿಂತ ಗಟ್ಟಿಯಾಗಿದೆ. ಸೂಕ್ಷ್ಮದರ್ಶಕದೊಳಗೆ ದೆವ್ವ ಕಂಡು ಕಿರುಚಿ, ಮೈಮೇಲೆ ಬಂದವರಂತೆ ಅವರು ಬೀಳುತ್ತಿದ್ದರು, ಕೆಲಸ ನಿಲ್ಲುತ್ತಿತ್ತು. ಆಡಳಿತದವರು ಮಾತ್ರೆ ಕೊಡಿಸಿದರು, ಮಾಂತ್ರಿಕರನ್ನೂ ಕರೆಸಿದರು. ಕೆಲಸದ ವೇಗವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ತನ್ನ ಕೈಯನ್ನೇ ನೋಡಿಕೊಂಡ ಶಾಸ್ತ್ರ

ಇಂಥ ಶಾಸ್ತ್ರಕ್ಕೆ ತಾನು ಯಾರ ನೆರಳಲ್ಲಿ ಬೆಳೆದೆ ಎಂಬ ಪ್ರಶ್ನೆಯೂ ಎದುರಾಗಲೇಬೇಕಿತ್ತು. ಕೇರಳ ಮತ್ತು ತಂಜಾವೂರಿನಲ್ಲಿ ಕ್ಷೇತ್ರಕಾರ್ಯ ಮಾಡಿದ್ದ ಕ್ಯಾತ್ಲೀನ್ ಗಾಫ್ 1968ರಲ್ಲಿ, ವಿಯೆಟ್ನಾಂ ಯುದ್ಧದ ನಡುವೆ, ಮಾನವಶಾಸ್ತ್ರ ಸಾಮ್ರಾಜ್ಯಶಾಹಿಯ ಮಗು ಎಂದು ಬರೆದರು. ವಸಾಹತು ಆಡಳಿತದ ರಕ್ಷಣೆಯಲ್ಲಿ ಹಳ್ಳಿಗಳಿಗೆ ಹೋದವರು ಆ ಆಡಳಿತವನ್ನೇ ವಿಷಯವಾಗಿ ನೋಡಲಿಲ್ಲ ಎಂಬುದು ಅವರ ದೂರು. ತಲಾಲ್ ಅಸದ್ 1973ರಲ್ಲಿ ಸಂಪಾದಿಸಿದ ಸಂಕಲನ ಈ ಚರ್ಚೆಯನ್ನು ಗಟ್ಟಿಗೊಳಿಸಿತು.

ಅಲ್ಲಿಂದ ನೋಟ ಮೇಲಕ್ಕೂ ತಿರುಗಿತು. ಕ್ಯಾರೆನ್ ಹೋ ವಾಲ್‌ಸ್ಟ್ರೀಟ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಕೆಲಸ ಕಳೆದುಕೊಂಡು, ಆಮೇಲೆ ಬ್ಯಾಂಕರ್‌ಗಳ ಬದುಕನ್ನೇ ಕ್ಷೇತ್ರವಾಗಿ ಅಧ್ಯಯನ ಮಾಡಿದರು. 2009ರಲ್ಲಿ ಬಂದ ಅವರ ಪುಸ್ತಕದ ಒಳನೋಟ ಇದು: ಬ್ಯಾಂಕರ್‌ಗಳ ಕೆಲಸಕ್ಕೆ ಭದ್ರತೆ ಇಲ್ಲ. ಆ ಅಭದ್ರತೆಯೇ ತಮ್ಮನ್ನು ಚುರುಕಾಗಿ ಇಟ್ಟಿದೆ ಎಂದು ಅವರು ನಂಬುತ್ತಾರೆ. ಅದೇ ಅಳತೆಗೋಲನ್ನು ಉಳಿದ ಕಂಪನಿಗಳ ಮೇಲೂ ಇಟ್ಟು ಜನರನ್ನು ತೆಗೆಯಲು ಒತ್ತಾಯಿಸುತ್ತಾರೆ. ಸುದ್ದಿಯಲ್ಲಿ ನಾವು 'ಮಾರುಕಟ್ಟೆಯ ಒತ್ತಡ' ಎಂದು ಓದುವುದರಲ್ಲಿ ಬಹುಪಾಲು ಒಂದು ಸಣ್ಣ ಗುಂಪಿನ ಜೀವನಕ್ರಮ.

ಈ ವಿಮರ್ಶೆಗೆ ನಿಜವಾಗಿ ಕಷ್ಟ ಕೊಡುವ ಪುಸ್ತಕ ಅದರ ಒಳಗಿನಿಂದಲೇ ಬಂತು. ತಾನ್ಯಾ ಲೀ ಇಂಡೊನೇಷ್ಯಾದ ಸುಲವೇಸಿಯ ಲಾಉಜೆ ಬೆಟ್ಟದ ಜನರನ್ನು ಎರಡು ದಶಕ ಗಮನಿಸಿ 2014ರಲ್ಲಿ ಬರೆದರು. ಅಲ್ಲಿ ಯಾವ ಕಂಪನಿಯೂ ಭೂಮಿ ಕಿತ್ತುಕೊಳ್ಳಲಿಲ್ಲ, ಯಾವ ಸೈನ್ಯವೂ ಬರಲಿಲ್ಲ. 1990ರ ಸುಮಾರಿಗೆ ಜನರೇ ಆಸೆಯಿಂದ ಕೋಕೋ ನೆಟ್ಟರು. ಕೋಕೋ ಬಹುವಾರ್ಷಿಕ ಮರ. ನೆಟ್ಟವರಿಗೆ ಆ ಜಾಗ ಕಾಯಂ ಆಯಿತು, ಎಲ್ಲರದಾಗಿದ್ದ ಬೆಟ್ಟ ತುಂಡುತುಂಡಾಗಿ ಒಬ್ಬೊಬ್ಬರದಾಯಿತು. ಚೆನ್ನಾಗಿ ಬೆಳೆದವರು ಸಾಲದಲ್ಲಿದ್ದ ಬಂಧುಗಳ ಭೂಮಿಯನ್ನು ಕೊಂಡರು. ಎರಡು ದಶಕ ಮುಗಿಯುವಷ್ಟರಲ್ಲಿ ಅಣ್ಣತಮ್ಮಂದಿರಲ್ಲೇ ಭೂಮಿ ಇರುವವರು, ಇಲ್ಲದವರು ಎಂದಾಯಿತು. ಹೊರಗಿನಿಂದ ಬಂದ ಶತ್ರು, ಒಳಗಿನ ಒಗ್ಗಟ್ಟು ಎಂಬ ಪರಿಚಿತ ಚಿತ್ರ ಇಲ್ಲಿ ಕೂಡುವುದಿಲ್ಲ. ಭೂಮಿ ಹೋದವರಿಗೆ ದುಡಿಯಲು ಕಾರ್ಖಾನೆಯೂ ಇರಲಿಲ್ಲ. ಹಳ್ಳಿ ಬಿಟ್ಟವರೆಲ್ಲ ನಗರದಲ್ಲಿ ಕೆಲಸ ಪಡೆಯುತ್ತಾರೆ ಎಂಬ ಅಭಿವೃದ್ಧಿಯ ಭರವಸೆ ಅಲ್ಲಿ ಸುಳ್ಳಾಯಿತು.

ಬಂಡವಾಳಕ್ಕೆ ಬೇಡವಾದ ಇಂಥ ಜನರ ಪಾಲೇನು? ಆಫ್ರಿಕಾ ಖಂಡದ ದಕ್ಷಿಣ ಭಾಗವನ್ನು ಚೆನ್ನಾಗಿ ಬಲ್ಲ ಜೇಮ್ಸ್ ಫರ್ಗೂಸನ್ 2015ರಲ್ಲಿ ಉತ್ತರ ಹುಡುಕಿದ್ದು ಹಂಚಿಕೆಯಲ್ಲಿ. ನಮೀಬಿಯಾದ ಓಟ್ಜಿವೆರೊ ಎಂಬಲ್ಲಿ 2008 ಮತ್ತು 2009ರಲ್ಲಿ, 60 ವರ್ಷದೊಳಗಿನ ಪ್ರತಿಯೊಬ್ಬ ನಿವಾಸಿಗೂ ತಿಂಗಳಿಗೆ 100 ನಮೀಬಿಯನ್ ಡಾಲರ್ ಯಾವ ಷರತ್ತೂ ಇಲ್ಲದೆ ಕೊಟ್ಟು ನೋಡಲಾಯಿತು. ಕೆಲಸ ಮಾಡಿದ್ದಕ್ಕೂ ಅಲ್ಲ, ಬಡವರೆಂಬ ಕರುಣೆಗೂ ಅಲ್ಲ. ಅಲ್ಲಿನ ಚಳವಳಿಗಾರರು ಇದನ್ನು ದೇಶದ ಸಂಪತ್ತಿನಲ್ಲಿ ತಮಗಿರುವ ಪಾಲು ಎಂದು ಕೇಳಿದ್ದರು. ಬೇಟೆಗಾರ ಸಮುದಾಯಗಳಲ್ಲಿ ಬೇಟೆಯ ಮಾಂಸವನ್ನು ಹೀಗೇ ಕೇಳಿ ಪಡೆಯುತ್ತಾರೆ, ಕೊಟ್ಟವರಿಗೆ ಯಾರೂ ಕೈ ಮುಗಿಯುವುದಿಲ್ಲ ಎಂದು ಫರ್ಗೂಸನ್ ನೆನಪಿಸುತ್ತಾರೆ. ಭೂಮಿಯೂ ಯಂತ್ರಗಳೂ ಕೆಲವರ ಕೈಯಲ್ಲೇ ಉಳಿದಿರುವಾಗ ಬರೀ ನಗದು ಹಂಚಿದರೆ ಸಾಕೇ ಎಂದು ಎಡಪಂಥೀಯರು ಅವರನ್ನು ಕೇಳುತ್ತಾರೆ. ಕೆಲಸವೇ ಇಲ್ಲದವರಿಗೆ ಕೂಲಿಯ ಹೋರಾಟದಿಂದ ಏನು ಸಿಗುತ್ತದೆ ಎಂದು ಫರ್ಗೂಸನ್ ಮರಳಿ ಕೇಳುತ್ತಾರೆ. ಈ ಕ್ಷೇತ್ರದಲ್ಲಿ ಈಗ ಅತಿ ಬಿಸಿಯಾಗಿ ನಡೆಯುತ್ತಿರುವ ಜಗಳಗಳಲ್ಲಿ ಇದೂ ಒಂದು.